ಬಿಟ್ಟಿಯೂ ಉಚಿತವೂ

ಹವಾಯಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಭೂಗೋಳದ ಪಾಠದಲ್ಲಿ ಅಲ್ಲ, ಚಪ್ಪಲಿ ಅಂಗಡಿಯಲ್ಲಿ. ಮಳೆಗಾಲ ಶುರುವಾಗುವ ಮುಂಚೆ ಅಪ್ಪ ಸಾಗರದ ಪೇಟೆಗೆ ಕರೆದುಕೊಂಡು ಹೋಗಿ ನಮಗೆಲ್ಲ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಕೊಡಿಸುತ್ತಿದ್ದರು. ಆಮೇಲೆ ರೇಡಿಯೋದಲ್ಲಿ ಹಳೆಯ ಚಿತ್ರಗೀತೆಗಳ ನಡುವೆ ಒಂದು ವಾದ್ಯ ಸ್ವರದಿಂದ ಸ್ವರಕ್ಕೆ ಜಾರುತ್ತಾ, ಬಿಕ್ಕುವ ಹಾಗೆ ಕೇಳಿಸುತ್ತಿತ್ತು. ಅದು ಹವಾಯಿಯನ್ ಗಿಟಾರ್ ಎಂದು ಅಣ್ಣ ಹೇಳಿದ. ಚಪ್ಪಲಿಗೂ ಗಿಟಾರಿಗೂ ಒಂದೇ ಹೆಸರು ಹೇಗೆ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ. ಅಲ್ಲಿಗೆ ಹವಾಯಿಯ ಬಗ್ಗೆ ನನ್ನ ಜ್ಞಾನ ಮುಗಿಯಿತು.

ಐವತ್ತು ದಾಟಿದ ಮೇಲೆ ಆ ದ್ವೀಪವನ್ನು ಕಣ್ಣಾರೆ ನೋಡುವ ಯೋಗ ಬಂತು. ಮಗಳು ಹೊನೊಲುಲುವಿನ ವಿಶ್ವವಿದ್ಯಾನಿಲಯದಲ್ಲಿ ಸಮುದ್ರವಿಜ್ಞಾನ ಓದುತ್ತಿದ್ದಾಳೆ. 2024ರ ಬೇಸಿಗೆ ರಜೆಯಲ್ಲಿ ಅವಳ ಒತ್ತಾಯಕ್ಕೆ ಕಟ್ಟುಬಿದ್ದು ಹೊರಟೆ. ಹೋದ ಎರಡನೆಯ ಶನಿವಾರ ಅವಳು, “ಅಮ್ಮ, ಸಂಜೆ ಹತ್ತಿರದ ಪಾರ್ಕಿನಲ್ಲಿ ಸಂಗೀತ ಇದೆ. ಈ ಕೇರಿಯವರೇ ಹಾಡುವುದು. ಹಳೆಯ ಹವಾಯಿ ಹಾಡುಗಳು. ಟಿಕೆಟ್ ಇಲ್ಲ” ಎಂದಳು.

“ಪುಕ್ಕಟೆಯಾ? ಹಾಗಾದರೆ ಅಷ್ಟಕ್ಕಷ್ಟೇ ಇರಬೇಕು” ಎಂದೆ.

ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು. ಏಕೆಂದರೆ ನಾನು ಬೆಳೆದದ್ದೇ ಪುಕ್ಕಟೆ ಆಟ ನೋಡಿ. ನಮ್ಮೂರಿಗೆ ಎರಡು ಬಗೆಯ ಯಕ್ಷಗಾನ ಬರುತ್ತಿತ್ತು. ಒಂದು ಡೇರೆ ಮೇಳ, ಕುರ್ಚಿಗೆ ಇಷ್ಟು, ಚಾಪೆಗೆ ಇಷ್ಟು ಎಂದು ಟಿಕೆಟ್ಟು. ಇನ್ನೊಂದು ಹರಕೆಯ ಬಯಲಾಟ. ಯಾರದೋ ಮನೆಯಲ್ಲಿ ಮಗು ಗುಣವಾಯಿತೆಂದೋ ಮದುವೆ ಕೂಡಿಬಂತೆಂದೋ ಆಟ ಆಡಿಸುತ್ತಿದ್ದರು. ಊರೆಲ್ಲ ಕಂಬಳಿ ಹೊದ್ದು ಗದ್ದೆಯಲ್ಲಿ ಕೂತು ಬೆಳಗಿನವರೆಗೆ ನೋಡುತ್ತಿತ್ತು. ಡೇರೆಯಲ್ಲಿ ಕೂತಾಗ ನಾವು ತೂಕಡಿಸುತ್ತಿರಲಿಲ್ಲ, ದುಡ್ಡು ಕೊಟ್ಟಿದ್ದೇವಲ್ಲ! ಹರಕೆ ಆಟದಲ್ಲಿ ಎರಡನೆಯ ಪದ್ಯಕ್ಕೇ ನಿದ್ದೆ. ಹಣ ಕೊಟ್ಟವರು ಬೇರೆ ಯಾರೋ ಆದಾಗ ನಾವು ಎಷ್ಟು ಸಲೀಸಾಗಿ ಕಣ್ಣು ಮುಚ್ಚುತ್ತೇವೆ! ಇದನ್ನು ಆಗ ನಾನು ನಿದ್ದೆಯ ವಿಚಾರವೆಂದೇ ತಿಳಿದಿದ್ದೆ. ಇದು ನೀತಿಯ ವಿಚಾರವೂ ಹೌದೆಂದು ಗೊತ್ತಾದದ್ದು ಆ ಶನಿವಾರ.

ಪಾರ್ಕಿಗೆ ಹೋದೆವು. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಮಳೆಮರ. ನಮ್ಮ ಶಾಲೆಯ ಗೇಟಿನ ಪಕ್ಕ ಕೊಡೆ ಹಿಡಿದಂತೆ ನಿಂತಿರುವ ಮರವೇ, ಅದೇ ಗುಲಾಬಿ ಕುಚ್ಚಿನ ಹೂವು. ದಕ್ಷಿಣ ಅಮೆರಿಕದಿಂದ ಎರಡು ಕಡೆಗೂ ವಲಸೆ ಬಂದ ಮರವಂತೆ. ಪರದೇಶದಲ್ಲಿ ನೆಂಟರೊಬ್ಬರು ಸಿಕ್ಕಷ್ಟು ಸಮಾಧಾನವಾಯಿತು. ಮರದ ಕೆಳಗೆ ಜನ ಚಾಪೆ ಹಾಸಿ, ಚಾಪೆಯ ಅಂಚಿಗೆ ಚಪ್ಪಲಿ ಬಿಟ್ಟು ಕೂತಿದ್ದರು. ಎಲ್ಲರದೂ ಹವಾಯಿ ಚಪ್ಪಲಿಯೇ! ಬುತ್ತಿ ಬಿಚ್ಚಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದರು. ವಯಸ್ಸಾದ ಹೆಂಗಸರನ್ನೆಲ್ಲ ಸಣ್ಣವರು ‘ಆಂಟಿ’ ಎಂದೂ ಗಂಡಸರನ್ನು ‘ಅಂಕಲ್’ ಎಂದೂ ಕರೆಯುತ್ತಿದ್ದರು. ನಮ್ಮ ಬಡಾವಣೆಯ ಮಕ್ಕಳು ಹಾಗೆ ಕರೆದರೆ ಸಿಡುಕುತ್ತಿದ್ದ ನನಗೆ ಅಲ್ಲಿ ಅದು ಹಿತವಾಗಿ ಕೇಳಿಸಿತು.

ಹಾಡುವವರು ಐದು ಜನ. ಅವರಲ್ಲಿ ಒಬ್ಬರು ಸಿಟಿ ಬಸ್ಸಿನ ಚಾಲಕರು, ಒಬ್ಬಾಕೆ ನಿವೃತ್ತ ನರ್ಸ್, ಇನ್ನೊಬ್ಬರು ನನ್ನ ಹಾಗೆ ಮೇಷ್ಟರು. ಮುಂದೆ ವೇದಿಕೆ ಎನ್ನುವಂಥದ್ದೇನೂ ಇರಲಿಲ್ಲ, ಹುಲ್ಲಿನ ಮೇಲೆ ಕುರ್ಚಿ, ಎರಡು ಮೈಕು. ಭಾಷಣವಿಲ್ಲ, ಹಾರತುರಾಯಿಯಿಲ್ಲ, ವಂದನಾರ್ಪಣೆಯಿಲ್ಲ. ಇದೊಂದಕ್ಕೇ ನಾನು ಅವರಿಗೆ ಕೈಮುಗಿಯಬೇಕು.

ಅವರ ಕೈಯಲ್ಲಿದ್ದ ಒಂದೊಂದು ವಾದ್ಯಕ್ಕೂ ಒಂದೊಂದು ಕಥೆಯಿದೆ. ಉಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯದ ಮೂಲ 1879ರಲ್ಲಿ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗೆ ಬಂದ ಪೋರ್ಚುಗೀಸರು ತಂದದ್ದು. ಅವರು ತಂದದ್ದನ್ನು ಹವಾಯಿಯವರು ತಮ್ಮದು ಮಾಡಿಕೊಂಡರು. ಗಿಟಾರನ್ನು 1830ರ ದಶಕದಲ್ಲಿ ತಂದವರು ಮೆಕ್ಸಿಕೋ ಕಡೆಯ ದನಗಾಹಿಗಳು. ರಾಜನ ಕರೆಯ ಮೇಲೆ ಕಾಡುಬಿದ್ದ ದನಗಳನ್ನು ಹಿಡಿಯುವ ವಿದ್ಯೆ ಕಲಿಸಲು ಬಂದಿದ್ದರು. ಆ ಗಿಟಾರಿನ ತಂತಿಗಳನ್ನು ಹವಾಯಿಯವರು ತಮ್ಮ ಕಿವಿಗೆ ಹಿತವಾಗುವಂತೆ ಸಡಿಲಿಸಿ ತಮ್ಮದೇ ಶ್ರುತಿ ಕಟ್ಟಿಕೊಂಡರು. ಒಂದೊಂದು ಮನೆತನಕ್ಕೆ ಒಂದೊಂದು ಶ್ರುತಿ. ಅದನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲ. ನಮ್ಮ ನಾಟಿವೈದ್ಯರು ಗಿಡಮೂಲಿಕೆಯ ಹೆಸರು ಹೇಳದೆ ಇರುತ್ತಿದ್ದರಲ್ಲ, ಹಾಗೆ. ನಾನು ಚಿಕ್ಕಂದಿನಲ್ಲಿ ಕೇಳಿದ ಜಾರುವ ಗಿಟಾರ್ ಇದಲ್ಲ. ಅದು ಮಡಿಲಲ್ಲಿ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವಂಥದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ ಅದನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ಟಾವು ಮೊಯೆ ಎಂಬ ವಾದಕರು 1940ರ ದಶಕದಲ್ಲಿ ಸಂಸಾರ ಸಮೇತ ಕಲ್ಕತ್ತದಲ್ಲಿ ಇದ್ದು ಅದನ್ನು ನುಡಿಸಿದರು. ಅದು ನಮ್ಮ ಸಿನಿಮಾ ಹಾಡಿಗೂ ರಾಗಸಂಗೀತಕ್ಕೂ ಬಂತು. ಅದೇ ಬಗೆಯ ವಾದ್ಯವನ್ನು ಮೋಹನವೀಣೆ ಎಂದು ಕರೆದು ನುಡಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಎಲ್ಲಿಯ ಹವಾಯಿ, ಎಲ್ಲಿಯ ಮೀಂಡು!

ಹಾಡು ಶುರುವಾಯಿತು. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ. ಮೆತ್ತಗೆ ಅಲೆ ಬಂದು ಹೋಗುವ ಹಾಗೆ ಹಾಡು. ಐದಾರು ಹಾಡಾದ ಮೇಲೆ ಒಂದು ಗೆಲುವಿನ ಮಟ್ಟು ಬಂತು. ನಾನು ತೊಡೆಯ ಮೇಲೆ ತಾಳ ಹಾಕತೊಡಗಿದೆ. ಪಕ್ಕದ ಚಾಪೆಯಲ್ಲಿದ್ದ ಎಂಬತ್ತರ ಸುಮಾರಿನ ಹೆಂಗಸು ಮಾತ್ರ ಎದ್ದು ನಿಂತರು. ಇನ್ನೂ ಕೆಲವರು ನಿಂತರು. ನಾನೂ ನಿಂತೆ, ಏಕೆಂದು ತಿಳಿಯದೆ.

ಹಾಡು ಮುಗಿದ ಮೇಲೆ ಅವರನ್ನು ಕೇಳಿದೆ. “ಇದು ಮದುವೆ ಹಾಡೇ?”

ಅವರು ನಕ್ಕರು. “ಅಲ್ಲ, ಇದು ಕಲ್ಲು ತಿನ್ನುವ ಹಾಡು.”

ಅವರು ಹೇಳಿದ್ದನ್ನು, ಆಮೇಲೆ ಮಗಳ ಪುಸ್ತಕಗಳಲ್ಲಿ ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ಹವಾಯಿ ಒಂದು ಸ್ವತಂತ್ರ ರಾಜ್ಯವಾಗಿತ್ತು. ಕೊನೆಯ ರಾಣಿ ಲಿಲಿಯುವೊಕಲಾನಿ. ಸ್ವತಃ ಹಾಡು ಕಟ್ಟುತ್ತಿದ್ದವಳು. ಲೋಕವೆಲ್ಲ ಬಲ್ಲ ‘ಅಲೋಹ ಓಎ’ ಅವಳದೇ. 1893ರ ಜನವರಿಯಲ್ಲಿ ವ್ಯಾಪಾರಿಗಳೂ ತೋಟದ ಮಾಲೀಕರೂ ಸೇರಿ, ಅಮೆರಿಕದ ನೌಕಾಸೈನಿಕರು ದಡದಲ್ಲಿ ಇಳಿದಿರುವಾಗ, ಅವಳನ್ನು ಪದಚ್ಯುತಗೊಳಿಸಿದರು. 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. ನೂರು ವರ್ಷ ಕಳೆದ ಮೇಲೆ, 1993ರಲ್ಲಿ, ಅಮೆರಿಕದ ಕಾಂಗ್ರೆಸ್ಸೇ ಇದಕ್ಕಾಗಿ ಕ್ಷಮೆ ಕೇಳಿತು. ಇರಲಿ. ರಾಣಿಯನ್ನು ಇಳಿಸಿದಾಗ ಅರಮನೆಯ ಬ್ಯಾಂಡಿನವರಿಗೆ ಹೊಸ ಸರ್ಕಾರ ಒಂದು ಕಾಗದ ಮುಂದಿಟ್ಟಿತು. ನಮಗೆ ನಿಷ್ಠರಾಗಿರುತ್ತೇವೆಂದು ಸಹಿ ಹಾಕಿ, ಸಂಬಳ ತೆಗೆದುಕೊಳ್ಳಿ ಎಂದು. ಹೆಚ್ಚಿನವರು ಸಹಿ ಹಾಕಲಿಲ್ಲ. ಹಾಕದಿದ್ದರೆ ಕಲ್ಲು ತಿನ್ನಬೇಕಾದೀತು ಎಂದು ಎಚ್ಚರಿಸಿದರಂತೆ. ನಮ್ಮ ನೆಲದ ಕಲ್ಲೇ ನಮಗೆ ಸಾಕು ಎಂದು ಅವರು ಹೊರಗೆ ಬಂದರು. ರಾಣಿಯ ಆಪ್ತಳಾಗಿದ್ದ ಎಲೆನ್ ಪ್ರೆಂಡರ್‌ಗಾಸ್ಟ್ ಎಂಬಾಕೆ ಅದೇ ವರ್ಷ ಅವರಿಗಾಗಿ ಕಟ್ಟಿಕೊಟ್ಟ ಹಾಡು ಇದು.

ನಾನು ತೊಡೆಯ ಮೇಲೆ ತಾಳ ಹಾಕಿದ್ದು ಆ ಹಾಡಿಗೆ! ಭಾಷೆ ಬಾರದವನಿಗೆ ಅದು ಗೆಲುವಿನ ಮಟ್ಟು, ಬಲ್ಲವನಿಗೆ ಸಂಬಳ ಬಿಟ್ಟವರ ಪ್ರತಿಜ್ಞೆ. ಇದಕ್ಕೆ ಪುಕ್ಕಟೆ ಎಂದಿದ್ದೆನಲ್ಲ, ಇದರ ಬೆಲೆಯನ್ನು ಯಾರೋ ನೂರಮೂವತ್ತು ವರ್ಷಗಳ ಹಿಂದೆಯೇ ಕಟ್ಟಿಬಿಟ್ಟಿದ್ದರು.

ಆ ಹೆಂಗಸು ಇನ್ನೂ ಒಂದು ಮಾತು ಹೇಳಿದರು. ನನ್ನ ನಿದ್ದೆ ಕೆಡಿಸಿದ್ದು ಆ ಮಾತು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಪಾಠದ ಭಾಷೆ ಎಂದು ಕಾನೂನು ಬಂತು. ಅವರ ಅಜ್ಜಿ ಶಾಲೆಯಲ್ಲಿ ತನ್ನ ಮಾತು ಆಡಿದ್ದಕ್ಕೆ ಕೈಗೆ ಏಟು ತಿಂದವಳು. ಬೆಳೆದ ಮೇಲೆ ಗಂಡನ ಜೊತೆ ಹವಾಯಿ ಭಾಷೆ ಆಡುತ್ತಿದ್ದವಳು ಮೊಮ್ಮಕ್ಕಳು ಒಳಗೆ ಬಂದರೆ ಸಾಕು, ಇಂಗ್ಲಿಷಿಗೆ ತಿರುಗುತ್ತಿದ್ದಳು. ಮಕ್ಕಳಿಗೆ ಏಟು ಬೀಳಬಾರದಲ್ಲ! “ನಮ್ಮಜ್ಜಿ ನನ್ನ ಮೇಲಿನ ಪ್ರೀತಿಗೇ ನನಗೆ ನನ್ನ ಭಾಷೆ ಕೊಡಲಿಲ್ಲ. ನಾನು ಅರವತ್ತಾದ ಮೇಲೆ ರಾತ್ರಿ ತರಗತಿಗೆ ಹೋಗಿ ಕಲಿತೆ. ಈಗ ಮರಿಮಗಳು ನನ್ನ ತಪ್ಪು ತಿದ್ದುತ್ತಾಳೆ” ಎಂದು ನಕ್ಕರು. 1984ರಲ್ಲಿ ಕೆಲವು ಪೋಷಕರೂ ಶಿಕ್ಷಕರೂ ಸೇರಿ ಚಿಕ್ಕ ಮಕ್ಕಳಿಗಾಗಿ ‘ಪೂನಾನ ಲಿಯೊ’ ಎಂಬ ಶಿಶುವಿಹಾರ ತೆರೆದರು. ದನಿಯ ಗೂಡು ಎಂದು ಅದರ ಅರ್ಥ. 1986ರಲ್ಲಿ ಹಳೆಯ ಕಾನೂನಿನ ತಡೆ ಹೋಗಿ, ಮರುವರ್ಷ ಸರ್ಕಾರಿ ಶಾಲೆಗಳಲ್ಲೂ ಆ ಭಾಷೆಯಲ್ಲಿ ಪಾಠ ಶುರುವಾಯಿತು.

ನಾನು ತಕ್ಷಣ ಕನ್ನಡತಿಯಾಗಿ ಅವರ ಕೈ ಹಿಡಿದೆ. “ನಮ್ಮಲ್ಲೂ ಹಾಗೆಯೇ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ” ಎಂದೆ. ಆ ಮಾತು ಸುಳ್ಳಲ್ಲ. ಆದರೆ ಅದು ನನಗೆ ಅನುಕೂಲವಾದ ಅರ್ಧ ಮಾತ್ರ. ಉಳಿದರ್ಧ ನೆನಪಾದದ್ದು ರಾತ್ರಿ, ಮಲಗಿದ ಮೇಲೆ.

ಶಿಕಾರಿಪುರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನಿದ್ದ ಕಾಲ, 2001. ಪಕ್ಕದ ತಾಂಡಾದಿಂದ ಹತ್ತು ಹನ್ನೆರಡು ಲಂಬಾಣಿ ಮಕ್ಕಳು ಬರುತ್ತಿದ್ದರು. ಎಂಟನೆಯ ತರಗತಿಯ ಒಬ್ಬಳು ಹುಡುಗಿ ಒಂದು ದಿನ ಕಸ ಗುಡಿಸುತ್ತಾ ತನ್ನ ಭಾಷೆಯಲ್ಲಿ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಅದರ ಹಿಂದಿನ ದಿನವೇ ಆ ಮಕ್ಕಳು ತಮ್ಮ ತಮ್ಮಲ್ಲಿ ಮಾತಾಡಿ ನಕ್ಕಾಗ ನನ್ನನ್ನೇ ಕುರಿತು ನಕ್ಕರೆಂದು ನನಗೆ ಅನುಮಾನ. “ಏಯ್, ಇದು ಶಾಲೆ, ನಿಮ್ಮ ತಾಂಡಾ ಅಲ್ಲ. ಇಲ್ಲಿ ಕನ್ನಡ ಮಾತಾಡಬೇಕು” ಎಂದು ಸ್ಕೇಲು ತೆಗೆದು ಅವಳ ಅಂಗೈಗೆ ಎರಡು ಕೊಟ್ಟೆ. ಅವಳು ಅಳಲಿಲ್ಲ. ಆ ವರ್ಷವೆಲ್ಲ ನನ್ನ ತರಗತಿಯಲ್ಲಿ, ಕೇಳಿದ ಪ್ರಶ್ನೆಗೆ ಉತ್ತರ ಬಿಟ್ಟರೆ, ಅವಳು ಬಾಯಿ ಬಿಡಲಿಲ್ಲ. ಎಷ್ಟು ಶಿಸ್ತಿನ ಹುಡುಗಿ ಎಂದು ನಾನೇ ಅವಳನ್ನು ಹೊಗಳಿದ್ದೂ ಉಂಟು.

ಕಥೆ ಅಲ್ಲಿಗೆ ಮುಗಿದಿದ್ದರೆ, ಆ ಕಾಲದ ಮೇಷ್ಟರುಗಳು ಎಲ್ಲರೂ ಹೊಡೆಯುತ್ತಿದ್ದರು ಎಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳಬಹುದಿತ್ತು. ಆದರೆ ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವ ಬಂತು. ಅಧಿಕಾರಿಗಳು ಬರುತ್ತಾರೆ, ‘ಜಾನಪದ’ ಇರಲಿ ಎಂದರು. ನಾನು ಅದೇ ಹುಡುಗಿಯನ್ನು ಕರೆದೆ. ಅವಳೂ ಅವಳ ಗೆಳತಿಯರೂ ಕನ್ನಡಿ ಚೂರು ಹೊಲಿದ ಲಂಗ ತೊಟ್ಟು ವೇದಿಕೆಯ ಮೇಲೆ ತಮ್ಮ ಭಾಷೆಯ ಹಾಡು ಹಾಡಿ ಕುಣಿದರು. ಜೋರು ಚಪ್ಪಾಳೆ. ಅಧಿಕಾರಿಗಳು ನನ್ನನ್ನು ಹೆಸರು ಹಿಡಿದು ಮೆಚ್ಚಿದರು. ಆ ಮಕ್ಕಳಿಗೆ ಒಂದೊಂದು ಪೆನ್ನು ಕೊಟ್ಟ ನೆನಪು.

ತರಗತಿಯಲ್ಲಿ ಏಟು ತಿನ್ನಿಸಿದ ಹಾಡು ವೇದಿಕೆಯಲ್ಲಿ ನನಗೆ ಹೆಸರು ತಂದಿತು. ಹವಾಯಿಯಲ್ಲೂ ಆದದ್ದು ಇದೇ. ಶಾಲೆಯಲ್ಲಿ ಭಾಷೆಗೆ ಬಾಗಿಲು ಹಾಕಿದ ಕಾಲದಲ್ಲೇ ಹುಲಾ ಕುಣಿತಕ್ಕೂ ಉಕುಲೆಲೆಗೂ ಅಮೆರಿಕದಲ್ಲಿ ಬಹಳ ಬೇಡಿಕೆ. 1915ರ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಲ್ಲಿ ಹವಾಯಿ ಮಂಟಪದ ಸಂಗೀತ ಕೇಳಿ ದೇಶವೇ ಹುಚ್ಚಾಯಿತಂತೆ. ಒಬ್ಬರ ಹಾಡು ಬೇಕು, ಅವರ ಮಾತು ಬೇಡ!

ನಮ್ಮ ಭಾಷೆಯಲ್ಲಿ ಹಣ ಕೊಡದೆ ಸಿಗುವ ವಸ್ತುವಿಗೆ ಎಷ್ಟು ಹೆಸರು! ಪುಕ್ಕಟೆ ಎನ್ನುವುದು ಮರಾಠಿಯಿಂದ ಬಂದದ್ದು. ಬಿಟ್ಟಿ ಎನ್ನುವುದು ಸಂಸ್ಕೃತದ ‘ವಿಷ್ಟಿ’. ಕೂಲಿ ಕೊಡದೆ ಬಲವಂತದಿಂದ ದುಡಿಸಿಕೊಳ್ಳುವುದೆಂದು ಅದರ ಅರ್ಥ. ಬಿಟ್ಟಿ ಚಾಕರಿ ಎನ್ನುತ್ತೇವಲ್ಲ, ಅದೇ. ಇನ್ನು ಉಚಿತ ಎಂಬುದಕ್ಕೆ ಮೂಲದಲ್ಲಿ ದುಡ್ಡಿನ ಸಂಬಂಧವೇ ಇಲ್ಲ. ತಕ್ಕದ್ದು, ಯೋಗ್ಯವಾದದ್ದು ಎಂದಷ್ಟೇ. ಸಮಯೋಚಿತ, ಯಥೋಚಿತ ಎಂದು ಮಕ್ಕಳಿಗೆ ಬರೆಸುತ್ತೇವೆ. ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದ ನಾನು ಈ ಎರಡು ಪದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಪಾರ್ಕಿನಲ್ಲಿ ಆ ಐವರು ಕೊಟ್ಟದ್ದು ಉಚಿತ. ವಾರ್ಷಿಕೋತ್ಸವದಲ್ಲಿ ನಾನು ತೆಗೆದುಕೊಂಡದ್ದು ಬಿಟ್ಟಿ. ಎರಡರಲ್ಲೂ ಹಣ ಕೈ ಬದಲಾಗಲಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಕೊಡುವವರಿಗೆ ಕೊಡದೆ ಇರುವ ಸ್ವಾತಂತ್ರ್ಯ ಇತ್ತೇ ಎನ್ನುವುದರಲ್ಲಿ.

ಹಾಗೆಂದು ಉಚಿತವೇ ಶ್ರೇಷ್ಠ, ಹಣ ಕೇಳುವ ಕಲಾವಿದ ಕೀಳು ಎಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ಬಗೆಯ ಬಿಟ್ಟಿ. ಸಂಗೀತದ ಟೀಚರನ್ನು ಮದುವೆಗೆ ಕರೆದು, “ಹೇಗೂ ಬಂದಿದ್ದೀರಿ, ಎರಡು ದೇವರನಾಮ ಹಾಡಿಬಿಡಿ” ಎನ್ನುತ್ತೇವೆ. ಅಡಿಗೆಯವರನ್ನು ಹಾಗೆ ಕೇಳುತ್ತೇವೆಯೇ? ಪಾರ್ಕಿನಲ್ಲಿ ಹಾಡಿದ ಬಸ್ ಚಾಲಕರು ವಾರಕ್ಕೆರಡು ರಾತ್ರಿ ಪ್ರವಾಸಿಗಳ ಹೋಟೆಲಿನಲ್ಲಿ ಕೂಲಿಗೆ ನುಡಿಸುತ್ತಾರಂತೆ. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಜನ ಕೇಳುವುದು ಅದೇ ನಾಲ್ಕು ಹಾಡು, ಇಲ್ಲಿ ತಮಗೆ ಬೇಕಾದದ್ದು ಹಾಡಬಹುದು ಎಂದು ಅವರು ಹೇಳಿದರು. ಗ್ಯಾಬಿ ಪಹಿನುಯಿ ಎಂಬ ದೊಡ್ಡ ಗಿಟಾರ್ ವಾದಕರು 1980ರಲ್ಲಿ ತೀರಿಕೊಂಡರು. ಅಷ್ಟು ಹೆಸರಿದ್ದೂ ಹೊಟ್ಟೆಪಾಡಿಗೆ ರಸ್ತೆ ಕೆಲಸ ಮಾಡಿದವರು. ಅವರ ವೈಮಾನಾಲೊ ಮನೆಯ ಹಿತ್ತಿಲಲ್ಲಿ ವಾರಾಂತ್ಯಗಳಲ್ಲಿ ಯಾರು ಬೇಕಾದರೂ ಬಂದು ನುಡಿಸಬಹುದಿತ್ತು. ಮನೆತನದ ಗುಟ್ಟಾಗಿದ್ದ ಶ್ರುತಿಗಳು ಅಂಥ ಹಿತ್ತಿಲುಗಳಲ್ಲೇ ಮುಂದಿನವರ ಕೈಗೆ ದಾಟಿದವು. ಗುಟ್ಟು ಮಾಡಿದರೆ ವಿದ್ಯೆ ತಮ್ಮೊಂದಿಗೇ ಸಾಯುತ್ತದೆಂದು ಕಂಡಾಗ ಆ ಜನ ತಾವಾಗಿ ಬಾಗಿಲು ತೆರೆದರು. ತೆರೆಯುವುದು ಬಿಡುವುದು ಅವರಿಗೆ ಸೇರಿದ್ದು.

ಸಂಗೀತ ಮುಗಿದ ಮೇಲೆ ನಾನು ಹುಂಡಿ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಹತ್ತು ಡಾಲರ್ ನೋಟನ್ನು ಮಡಿಸಿ ಆ ಬಸ್ ಚಾಲಕರ ಕೈಗೆ ಕೊಡಹೋದೆ. ಮಗಳು “ಅಮ್ಮ, ಬೇಡಮ್ಮ” ಎಂದು ಸೆರಗು ಎಳೆದಳು. ಅವರು ನೋಟನ್ನು ನನ್ನ ಅಂಗೈಯಲ್ಲೇ ಮುಚ್ಚಿ, “ಆಂಟಿ, ಊಟ ಮಾಡಿಕೊಂಡು ಹೋಗಿ” ಎಂದರು. ಮೀನು ತಿನ್ನದ ನನಗೆ ಯಾರೋ ಅನ್ನವನ್ನೂ ಅನಾನಸನ್ನೂ ತಂದು ಕೊಟ್ಟರು. ಆ ನೋಟು ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು, ಅವರಿಗೆ ಏನೂ ಆಗುತ್ತಿರಲಿಲ್ಲ. ಸಾಲ ತೀರಿತೆಂದು ನಾನು ಮರೆಯುತ್ತಿದ್ದೆ. ಕೆಲವು ಸಾಲಗಳನ್ನು ತೀರಿಸಲು ಆತುರಪಡಬಾರದು ಎಂದು ಈಗ ಅನ್ನಿಸುತ್ತದೆ. ಹೊತ್ತುಕೊಂಡು ಓಡಾಡಬೇಕು, ಸರಿಯಾದ ಮನೆ ಬಾಗಿಲು ಸಿಗುವವರೆಗೆ.

ನನ್ನ ಸಾಲದ ಬಾಗಿಲು ಎಲ್ಲಿದೆಯೋ ತಿಳಿಯದು. ಆ ಹುಡುಗಿಗೆ ಈಗ ಮೂವತ್ತೈದು ದಾಟಿರಬೇಕು. ಊರಿಗೆ ಬಂದ ಮೇಲೆ ಒಬ್ಬಿಬ್ಬರನ್ನು ವಿಚಾರಿಸಿದೆ. ಮದುವೆಯಾಗಿ ಹೋದಳು ಎಂದರು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಅವಳು ತನ್ನ ಮಕ್ಕಳೊಡನೆ ಯಾವ ಭಾಷೆ ಆಡುತ್ತಾಳೆ? ಮಕ್ಕಳು ಒಳಗೆ ಬಂದಾಗ ಗೋರ್ ಬೋಲಿಯಿಂದ ಕನ್ನಡಕ್ಕೆ ತಿರುಗುತ್ತಾಳೆಯೇ? ಆ ಎಂಬತ್ತರ ಹೆಂಗಸಿನ ಅಜ್ಜಿಯ ಹಾಗೆ ಅವಳೂ ಪ್ರೀತಿಗೇ ಹಾಗೆ ಮಾಡುತ್ತಿದ್ದರೆ, ಆ ಪ್ರೀತಿಯ ಹಿಂದೆ ನನ್ನ ಸ್ಕೇಲಿನ ಎರಡು ಏಟು ಇವೆ. ಕ್ಷಮೆ ಕೇಳಲು ಒಂದು ದೇಶದ ಸಂಸತ್ತಿಗೆ ನೂರು ವರ್ಷ ಬೇಕಾಯಿತು. ನನಗೆ ಇಪ್ಪತ್ತಮೂರು ವರ್ಷ ಸಾಲದೆ ಹೋಯಿತು ಎಂದರೆ ಅದು ಸಮಾಧಾನದ ಮಾತಾಗುವುದಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಈಗಿನ ನನ್ನ ಶಾಲೆಗೂ ಒಂದು ತಾಂಡಾದಿಂದ ಮಕ್ಕಳು ಬರುತ್ತಾರೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ಪಕ್ಕದವನಿಗೆ ಅವರ ಮಾತಿನಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ಅಭ್ಯಾಸಬಲ ನೋಡಿ, ನನ್ನ ಕೈ ಮೇಜಿನ ಮೇಲಿದ್ದ ಸ್ಕೇಲಿನ ಕಡೆಗೆ ಹೋಗಿಯೇಬಿಟ್ಟಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಈಗ ನೀನು ಹೇಳಿದ್ದು ಚೆನ್ನಾಗಿ ಕೇಳಿಸಿತು. ನನಗೂ ಹೇಳಿಕೊಡುತ್ತೀಯಾ? ಇಷ್ಟವಿಲ್ಲದಿದ್ದರೆ ಬೇಡ” ಎಂದೆ.

ಹುಡುಗ ಹೆದರಿ ಎದ್ದು ನಿಂತ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ, “ಯಾಕೆ ಟೀಚರ್? ಗ್ಯಾದರಿಂಗಿಗಾ?” ಎಂದು ಕೇಳಿದ.

ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳು ಇಟ್ಟುಕೊಂಡಿರುವ ಹೆಸರು ಅದು. “ಅಲ್ಲಪ್ಪ, ನನಗೆ ಬರುವುದಿಲ್ಲ, ಅದಕ್ಕೆ” ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಯೋಚಿಸಿ ನಾಳೆ ಹೇಳುತ್ತೇನೆ ಎಂದು ಕೂತುಕೊಂಡ.